ತೀರ್ಥೇಶನ ಅಲಾರಂ

ಏನ್ರೀ,

ನೀವು ತೀರಿಹೋದಮೇಲೆ ಮೊದಲ ಸಲ ನಿಮ್ಮ ದೋಸ್ತ್ ತೀರ್ಥೇಶ್ ಇವತ್ತು ಮನೆಗೆ ಬಂದಿದ್ದ. ನಿಮ್ಮ ಬೈಕ್ ಕೇಳೋಕೆ ಬಂದಿರ್ತಾನೆ ಅಂದ್ಕೊಂಡೆ. ಕೇಳಿದ್ದು ನಿಮ್ಮ ಹಳೇ ಸ್ವೆಟರ್. 'ನಮ್ಮ ಹೊಸಬಾಳೇಲಿ ಚಳಿ ಅತ್ತಿಗೆ' ಅಂದ. ಅವನೂರ ಹತ್ರದ ಸೊರಬದ ಪೇಟೇಲಿ ಸ್ವೆಟರ್ ಸಿಗಲ್ವಾ? ಅದಕ್ಕೆ ಶಿಕಾರಿಪುರದ ತನಕ ಬರಬೇಕಾ?

ನಿಮಗೆ ನಶೆ ಸೂಜಿಯ ಚಟ ಹಚ್ಚಿದವನು ಇವನೇ ಅಂತ ನನಗೆ ಮೊದಲಿಂದ್ಲೂ ಅನುಮಾನ. ಒಂದೇ ಸೂಜಿ ಇಬ್ಬರೂ ಚುಚ್ಕೊಂಡಿದ್ದಕ್ಕೆ ಎಚ್‌ಐವಿ ಬಂತು ಅಂತ ನೀವೇ ಹೇಳಿದ್ರಿ. ನಿಮ್ಮಿಂದ ನನಗೂ ಬಂತು. ಸೂಜಿಯ ಮಾತು ನಂಬಿದೆ.

ಸಂಜೆ ಮಾತ್ರೆ ಹೊತ್ತಿಗೆ ನನ್ನ ಫೋನ್ ಟ್ರಿಣ್ ಅಂತು. ನೀವೇ ಇಟ್ಟುಕೊಟ್ಟ ಅಲಾರಂ. ಅದೇ ಹೊತ್ತಿಗೆ ಅವನ ಜೇಬಲ್ಲಿದ್ದ ಫೋನೂ ಅಲಾರಂ ಹೊಡೀತು, ನಿಮ್ಮ ಧ್ವನೀಲಿ: 'ಬಂಗಾರಾ, ಮಾತ್ರೆ ತಗೊಂಡ್ಯಾ?'

ಅವನು ಗಡಬಡಿಸಿ ಆಫ್ ಮಾಡೋಕೆ ಹೋದ. 'ಇರಲಿ ಬಿಡೋ, ಕೂಗಲಿ' ಅಂದೆ. ಕೂಗಿ ಕೂಗಿ ಅದೇ ಸುಮ್ಮನಾಯ್ತು. ಒಂದೇ ತಂಬಿಗೆ ನೀರಲ್ಲಿ ಇಬ್ಬರೂ ಮಾತ್ರೆ ನುಂಗಿದ್ವಿ. ಸ್ವೆಟರ್ ಕೊಟ್ಟು ಕಳಿಸ್ದೆ.

ಸೂಜಿಯಿಂದ ಅಂದಿದ್ರಲ್ಲ, ಕೇಳಿದವರಿಗೆ ನಾನೂ ಹಾಗೇ ಹೇಳ್ತೀನಿ. ಆದ್ರೆ ನನ್ನ ಫೋನಿಗೆ ಬರೀ ಟ್ರಿಣ್ ಯಾಕ್ರೀ ಇಟ್ರಿ?