ದಾರವಿಲ್ಲದ ಹೊಲಿಗೆ

ಮನೆಯಿಂದ, ನಿನ್ನ ಹೊಲಿಗೆ ಯಂತ್ರದ ಹಲಗೆಯ ಮೇಲೆ ಕಾಗದವಿಟ್ಟುಕೊಂಡು
ಆಗಸ್ಟ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಜ್ಜಿಗೆ,

ನಿನ್ನ ಮೊಮ್ಮಗನೂ ಐದನೇ ತರಗತಿಯ ಗಣಿತದ ಮೇಷ್ಟ್ರೂ ಆದ ನಾನು ಮಾಡುವ ನಮಸ್ಕಾರಗಳು. ಮೊದಲು ನಿನ್ನ ಕೈಯ ಸಮಾಚಾರ ಹೇಳು. ಪ್ಲಾಸ್ಟರ್ ಬಿಚ್ಚಿ ಮೂರು ವಾರವಾಯಿತು. ಬೆರಳು ಮಡಚಲು ಬರುತ್ತಿದೆಯೇ? ಅತ್ತೆಯ ಮನೆಯಲ್ಲಿ ಲೋಟ ನೀನೇ ಹಿಡಿಯುತ್ತೀಯಾ, ಇಲ್ಲ ಅವಳು ಕುಡಿಸಬೇಕಾ? ಎರಡು ತಿಂಗಳು ದಿನವೂ ಮೂವತ್ತು ಸಲ ರಬ್ಬರ್ ಚೆಂಡು ಹಿಸುಕದಿದ್ದರೆ ಈ ಬಲಗೈ ಮತ್ತೆ ಕತ್ತರಿ ಹಿಡಿಯುವುದಿಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ದಿನದಿನದ ಗುರುತು ಹಾಕಲು ಒಂದು ಪಟ್ಟಿಯನ್ನೂ ಕೊಟ್ಟಿದ್ದರು. ಫೋನಿನಲ್ಲಿ ಕೇಳಿದರೆ ನೀನು, "ಎಲ್ಲಾ ಮಾಡ್ತಿದೀನಿ ಕಣೋ, ನೀನು ನಿನ್ನ ಕ್ಲಾಸಿನ ಮಕ್ಕಳನ್ನ ನೋಡ್ಕೋ" ಅನ್ನುತ್ತೀಯ. ಅಪ್ಪಣೆ. ಮಕ್ಕಳ ವಿಷಯವನ್ನೇ ಬರೆಯುತ್ತೇನೆ.

ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಳೆದ ತಿಂಗಳು ನಿನ್ನ ಮೊಮ್ಮಗ ಒಂದು ಐತಿಹಾಸಿಕ ಅವಮಾನಕ್ಕೆ ಗುರಿಯಾದ. ಭಾಗಾಕಾರ ಹೇಳಿಕೊಟ್ಟು, ದಿನಕ್ಕೆ ಇಪ್ಪತ್ತು ಲೆಕ್ಕದಂತೆ ಹೋಂವರ್ಕು ಕೊಟ್ಟೆ. ಮಕ್ಕಳು ಅಷ್ಟನ್ನೂ ಮಾಡಿ ತಂದರು. ನಾನು ಮೀಸೆ ತಿರುವಿದೆ (ಇದೆ ಅಜ್ಜಿ, ಹತ್ತಿರದಿಂದ ನೋಡಿದರೆ ಕಾಣುತ್ತದೆ). ಪರೀಕ್ಷೆ ಇಟ್ಟರೆ ನಲವತ್ತರಲ್ಲಿ ಮೂವತ್ತೊಂದು ಮಂದಿ ಮಕಾಡೆ ಮಲಗಿದರು. ದೊಡ್ಡ ಮೇಡಂ ಕರೆಸಿ, "ಹೋಂವರ್ಕ್ ನೋಡಿದ್ರೆ ಎಲ್ರೂ ಪಂಡಿತ್ರು, ಪರೀಕ್ಷೆ ನೋಡಿದ್ರೆ ಹೀಗೆ. ಏನ್ರೀ ಇದು ಮೇಷ್ಟ್ರೇ?" ಅಂದರು. ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತೆ. ಹನ್ನೊಂದನೇ ಲೆಕ್ಕದಲ್ಲಿ ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಅರವತ್ತಮೂರನ್ನು ಮೂವತ್ತಾರು ಎಂದು ಇಳಿಸಿಕೊಂಡಿದ್ದಳು. ಇಡೀ ತರಗತಿಯಲ್ಲಿ ಅದು ಮೂವತ್ತಾರೇ ಆಗಿತ್ತು. ಒಬ್ಬ ಮಹಾಶಯನಂತೂ ಅವಳು ತಪ್ಪು ಬರೆದು ಹೊಡೆದುಹಾಕಿದ್ದ ಸಾಲನ್ನೂ ಇಳಿಸಿಕೊಂಡು, ಅಷ್ಟೇ ಶ್ರದ್ಧೆಯಿಂದ ಹೊಡೆದುಹಾಕಿದ್ದ. ಅವನನ್ನು ಕರೆದು ಯಾಕಪ್ಪಾ ಎಂದೆ. "ಸರ್, ಮೊದಲನೇದೇ ಬರ್ಲಿಲ್ಲ. ಇನ್ನ ಹತ್ತೊಂಬತ್ತು ಏನ್ ಮಾಡೋದು?" ಅಂದ. ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಯಾಕೆಂದರೆ ಎದುರಿಗೆ ನಿಂತಿದ್ದವನು ನಾನೇ ಎನ್ನಿಸಿತು, ಎಂಟು ವರ್ಷದ ನಾನು.

ನೆನಪಿದೆಯಾ? ಅಪ್ಪನ ಪ್ಯಾಂಟಿನ ಎರಡೂ ಜೇಬಿನ ಬಾಯಿಯನ್ನು ನಾನು ಹೊಲಿದು ಮುಚ್ಚಿದ್ದೆ. ಅಪ್ಪ ಬಸ್ಸಿನಲ್ಲಿ ಕೈ ತೂರಿಸಲಾಗದೆ ಒದ್ದಾಡಿ, ಮನೆಗೆ ಬಂದು ಕೋಲು ಹುಡುಕುತ್ತಿದ್ದರೆ, ನೀನು ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೊಲಿಗೆ ಸೊಟ್ಟ ಹೋಗಿದೆಯಲ್ಲೋ" ಎಂದು ಅದೊಂದಕ್ಕೇ ಬೈದೆ. ಮರುದಿನದಿಂದಲೇ ನನಗೆ ಪಾಠ. ಶಾಲೆಯಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳು ನೀನು; ಬಟ್ಟೆ ಕೊಡಲಿಲ್ಲ, ದಾರವನ್ನೂ ಕೊಡಲಿಲ್ಲ. ಗೆರೆ ಎಳೆದ ಹಾಳೆ ಕೊಟ್ಟು, ಯಂತ್ರದ ಬರಿ ಸೂಜಿಯನ್ನು ಗೆರೆಯ ಮೇಲೆ ನಡೆಸು ಅಂದೆ. ದಿನಕ್ಕೆ ಒಂದೇ ಹಾಳೆ. ಹೊಸ ಬಗೆಯ ಗೆರೆಯಾದರೆ ಮೊದಲನೆಯದು ನೀನು ಪಕ್ಕದಲ್ಲಿ ಕೂತಿರುವಾಗ, ಉಳಿದದ್ದು ನಾನೊಬ್ಬನೇ. ಸಂಜೆ ಹಾಳೆಯನ್ನು ಕಿಟಕಿಗೆ ಹಿಡಿದರೆ ತೂತುಗಳೊಳಗಿಂದ ಬೆಳಕು ಸಾಲಾಗಿ ಬರುತ್ತಿತ್ತು. ಕೈ ಎಲ್ಲಿ ಹೆದರಿತ್ತೋ ಅಲ್ಲಿ ಸಾಲು ವಾಲುತ್ತಿತ್ತು. "ತೂತು ಸುಳ್ಳು ಹೇಳಲ್ಲ" ಅನ್ನುತ್ತಿದ್ದೆ. ಯಂತ್ರದ ಎಣ್ಣೆಯ ವಾಸನೆ, ನಿನ್ನ ಬೆರಳಿನ ಸೀಮೆಸುಣ್ಣ, ಕಾಲುಮಣೆಯ ಟಕಟಕ. ಅದೆಲ್ಲ ಈಗಲೂ ಈ ಕೋಣೆಯಲ್ಲಿದೆ, ಟಕಟಕ ಒಂದನ್ನು ಬಿಟ್ಟು.

ಈಗ ಹದಿನಾರು ವರ್ಷ ಹಳೆಯ ಅಪರಾಧವೊಂದರ ತಪ್ಪೊಪ್ಪಿಗೆ. ದಯವಿಟ್ಟು ಎದ್ದು ನಿಂತು ಓದತಕ್ಕದ್ದು. ಬೇಡ, ಕೂತೇ ಓದು, ಮಂಡಿ ನೋವು. ಆ ರಜೆಯಲ್ಲಿ ಹೊರಗೆ ಆಟ ಜೋರಾಗಿತ್ತು. ನೀನು ನೇರ ಗೆರೆ ಎಳೆದಿಟ್ಟಿದ್ದ ಹತ್ತು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಸಲಕ್ಕೆ ಹೊಲಿದುಬಿಟ್ಟೆ, ದಿನಕ್ಕೊಂದರಂತೆ ನಿನಗೆ ಒಪ್ಪಿಸಿದೆ. ನೀನು ಪ್ರತಿಸಂಜೆ ಬೆಳಕಿಗೆ ಹಿಡಿದು "ಹೂಂ" ಅಂದೆ. "ಸೂಜಿ ಯಾಕೋ ಮೊಂಡಾಗಿದೆ" ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಹನ್ನೊಂದನೇ ದಿನದಿಂದ ಮಾತ್ರ ಹಾಳೆಗಳು ಬದಲಾದವು: ಒಂದರಲ್ಲಿ ಅಲೆ, ಒಂದರಲ್ಲಿ ವೃತ್ತ, ಒಂದರಲ್ಲಿ ಮೂಲೆ ತಿರುವು, ನಡುವೆ ಮತ್ತೆ ಹಳೆಯ ನೇರ ಗೆರೆ. ಪೇರಿಸಲು ಆಗಲೇ ಇಲ್ಲ. ನನ್ನ ಗ್ರಹಚಾರ ಅಂದುಕೊಂಡಿದ್ದೆ. ಕಳೆದ ವಾರ ರಬ್ಬರ್ ಬ್ಯಾಂಡ್ ಹುಡುಕಲು ನಿನ್ನ ಯಂತ್ರದ ಡ್ರಾಯರ್ ಎಳೆದರೆ, ಆ ಹತ್ತು ಹಾಳೆಗಳೂ ಬಿಳಿ ದಾರ ಕಟ್ಟಿಸಿಕೊಂಡು ಮಲಗಿದ್ದವು. ಮೇಲೆ ನಿನ್ನ ಅಕ್ಷರ: "ಹತ್ತು ದಿನದ್ದು, ಒಂದೇ ದಿನ." ನಾನು ಚಾಪೆಯ ಕೆಳಗೆ ತೂರಿದ್ದೆ, ನೀನು ರಂಗೋಲಿಯ ಕೆಳಗೆ ತೂರಿದ್ದೆ.

ಆ ಕಟ್ಟನ್ನು ಚೀಲದಲ್ಲಿಟ್ಟುಕೊಂಡೇ ಶಾಲೆಗೆ ಹೋದೆ. ಈಗ ಮನೆಗೆ ಮೂರೇ ಲೆಕ್ಕ. ಅದರಲ್ಲಿ ಮೊದಲನೆಯದನ್ನು ತರಗತಿಯಲ್ಲೇ ಶುರುಮಾಡಿಸಿ, ಬೆಂಚುಗಳ ನಡುವೆ ಓಡಾಡಿ ನೋಡುತ್ತೇನೆ. ಬಾರದವನಿಗೆ ಅಲ್ಲೇ ಕೈ ಹಿಡಿಯುತ್ತೇನೆ, ಗೊತ್ತಿಲ್ಲದ್ದನ್ನು ಮನೆಗೆ ಹೊರಿಸಿ ಕಳಿಸುವುದಿಲ್ಲ. ಮೂರನೆಯದು ಹೋದ ವಾರದ ಪಾಠದ್ದು. ಬೆಂಚಿಗೊಂದು ಬೇರೆ ಲೆಕ್ಕ, ಪೇರಿಸುವ ದಂಧೆ ಬಂದ್. ಸಿಕ್ಕಿಹಾಕಿಕೊಂಡ ಜಾಗಕ್ಕೆ ಸುತ್ತು ಹಾಕಿ ತರಬೇಕು, ಸುತ್ತು ಹಾಕಿದ್ದಕ್ಕೆ ಬೈಗುಳವಿಲ್ಲ. ಮರುದಿನದ ಮೊದಲ ಹತ್ತು ನಿಮಿಷ ಆ ಸುತ್ತುಗಳಿಗೇ ಮೀಸಲು. ಶುಕ್ರವಾರ ನಮ್ಮ ಮಹಾಶಯ ಎರಡೂವರೆ ಲೆಕ್ಕ ಮಾಡಿಕೊಂಡು ಬಂದ. ಅರ್ಧಕ್ಕೆ ನಿಂತಲ್ಲಿ ದೊಡ್ಡ ಸುತ್ತು, ಪಕ್ಕದಲ್ಲಿ "ಇಲ್ಲಿ ಸೊನ್ನೆ ಇಳಿಸಬೇಕಾ ಬೇಡ್ವಾ ಗೊತ್ತಾಗ್ಲಿಲ್ಲ ಸರ್." ಅವನ ಸ್ವಂತ ತಪ್ಪು, ಅಜ್ಜಿ. ಯಾರಿಂದಲೂ ಇಳಿಸಿಕೊಂಡದ್ದಲ್ಲ. ಕಿಟಕಿಗೆ ಹಿಡಿದು ನೋಡುವಷ್ಟು ಖುಷಿಯಾಯಿತು.

ಮಿಕ್ಕಂತೆ ಎಲ್ಲ ಕ್ಷೇಮ. ಅಪ್ಪ ಈಗಲೂ ಪ್ಯಾಂಟು ಹಾಕಿಕೊಳ್ಳುವ ಮುಂಚೆ ಜೇಬಿಗೆ ಕೈ ಹಾಕಿ ನೋಡುತ್ತಾರೆ. ಅಮ್ಮ ನಿನ್ನ ಯಂತ್ರದ ಧೂಳು ಒರೆಸುತ್ತಾಳೆ, ಕಾಲುಮಣೆ ಮಾತ್ರ ಮುಟ್ಟುವುದಿಲ್ಲ, ಅದು ನಿನ್ನದಂತೆ. ಅತ್ತೆಗೆ, ಮಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ಬಿದ್ದಿದ್ದೇನೆ, ಆಶೀರ್ವಾದವನ್ನು ಬಲಗೈಯಿಂದಲೇ ಮಾಡತಕ್ಕದ್ದು.

ಇಂತಿ ನಿನ್ನ ಶಿಷ್ಯ, ಮೊಮ್ಮಗ, ಮಾಜಿ ಅಪರಾಧಿ,
ಜೇಬುಗಳ್ಳ

ತಾ.ಕ.: ಲಕೋಟೆ ಅಂಟಿಸುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಗೋಡೆಗೆ ಅಂಟಿಸಿರುವ ನಿನ್ನ ಚೆಂಡಿನ ಪಟ್ಟಿಯ ಫೋಟೋವನ್ನು ಅತ್ತೆ ಕಳಿಸಿದಳು. ಇವತ್ತು ಹನ್ನೆರಡನೇ ತಾರೀಕು. ನಿನ್ನ ಗುರುತುಗಳು ಇಪ್ಪತ್ತನೇ ತಾರೀಕಿನವರೆಗೂ ಬಿದ್ದಿವೆ, ಎಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ. ಚೆಂಡು ಹಿಸುಕಿದರೆ ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದಂತೆ, ಅದನ್ನೂ ಅತ್ತೆಯೇ ಹೇಳಿದಳು. ಮೊದಲನೆಯದೇ ಬರದಿದ್ದರೆ ಮಿಕ್ಕಿದ್ದನ್ನು ಏನು ಮಾಡುವುದು, ನನಗೆ ಅರ್ಥವಾಗುತ್ತದೆ. ಡಾಕ್ಟರಿಗೆ ಫೋನು ಮಾಡಿ ಕೇಳಿದೆ: ಮೂವತ್ತು ಸಲ ಬೇಡ, ಸದ್ಯಕ್ಕೆ ಐದು ಸಾಕು, ದಿನ ತಪ್ಪಬಾರದು ಅಂದರು. ಜೊತೆಗೆ ಏಳು ಹಾಳೆ ಇಟ್ಟಿದ್ದೇನೆ. ದಿನಕ್ಕೊಂದು, ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಗೆರೆಯ ಮೇಲೆ ನಡೆಸು. ಮೊದಲ ಗೆರೆಗೆ ಅತ್ತೆ ಪಕ್ಕದಲ್ಲಿ ಕೂರುತ್ತಾಳೆ. ನೋವಾದ ಜಾಗಕ್ಕೆ ಸುತ್ತು ಹಾಕು, ಏಳೂ ಮುಗಿದ ಮೇಲಿನ ಭಾನುವಾರ ಬಂದು ಕಿಟಕಿಗೆ ಹಿಡಿದು ನೋಡುತ್ತೇನೆ. ಏಳರಲ್ಲೂ ಬೇರೆ ಬೇರೆ ಗೆರೆ ಎಳೆದಿದ್ದೇನೆ, ಅಜ್ಜಿ. ಪೇರಿಸಲು ನೋಡಬೇಡ, ಆ ವಿದ್ಯೆ ಕಂಡುಹಿಡಿದವನು ನಾನು.