ಎರಡನೇ ಸಲ ಮುಟ್ಟಿದರೆ

ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತುಬಿಟ್ಟೆ, ಬಯ್ಯಬೇಡ. ಬಲಗೈ ಬೆರಳುಗಳು ಬಾಗಿಲ ಸಂದಿಗೆ ಸಿಕ್ಕಿ ಬಾತುಕೊಂಡಿವೆ. ಇದು ಎಡಗೈಯ ಬರಹ. ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ. ಶಾಲೆಯಲ್ಲಿ ಅಕ್ಷರಕ್ಕೆ ಬಹುಮಾನ ಗೆದ್ದವಳ ಗತಿ ನೋಡು!

ಇಲ್ಲಿ ಎಲ್ಲ ಚೆನ್ನಾಗಿದೆ. ಇವರು ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆ. ಹಿತ್ತಲಿನ ಗಾಜಿನ ಕೋಣೆಯಲ್ಲಿ ಇವರು ಬೆಳೆಸುವ ಹುಳ ತಿನ್ನುವ ಗಿಡಗಳ ಬಗ್ಗೆ ಕೇಳಿದ್ದೆಯಲ್ಲ, ಹೇಳುತ್ತೇನೆ. ಹೂಜಿಯಂಥದ್ದು ಒಂದಿದೆ. ಬಾಯಂಚಿನಲ್ಲಿ ಸಿಹಿ ಒಸರುತ್ತದೆ. ನೆಕ್ಕಲು ಬಂದ ಇರುವೆ ಜಾರಿ ಒಳಗಿನ ನೀರಿಗೆ ಬೀಳುತ್ತದೆ, ಹತ್ತಿ ಬರಲು ಕಾಲಿಗೆ ಹಿಡಿತವೇ ಸಿಗುವುದಿಲ್ಲ. ಇನ್ನೊಂದರ ಎಲೆ ತೆರೆದ ಬಾಯಿಯ ಹಾಗಿದೆ. ಅಂಚಿಗೆಲ್ಲ ಮುಳ್ಳು, ಒಳಗೆ ನಾಲ್ಕಾರು ಕೂದಲು. ಮೊನ್ನೆ ಅದರಲ್ಲಿ ನೊಣ ಕೂತಾಗ ಇವರು ನನ್ನ ಭುಜ ಹಿಡಿದು ನಿಲ್ಲಿಸಿದರು.

“ನೋಡ್ತಿರು. ಒಂದ್ಸಲ ಕೂದಲು ಮುಟ್ಟಿದ್ರೆ ಗಿಡ ಸುಮ್ನಿರುತ್ತೆ. ಕೂಡ್ಲೇ ಇನ್ನೊಂದ್ಸಲ ಮುಟ್ಟಿದ್ರೆ ಮಾತ್ರ ಬಿಡಲ್ಲ.”

ನೊಣ ಒಮ್ಮೆ ಮುಟ್ಟಿತು, ಕೂಡಲೇ ಮತ್ತೊಮ್ಮೆ ಮುಟ್ಟಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲೆ ಮುಚ್ಚಿಕೊಂಡಿತು. ಒಳಗಿಂದ ಗುಂಯ್ ಎನ್ನುವ ಸದ್ದು ಬರುತ್ತಲೇ ಇತ್ತು.

“ಒದ್ದಾಡಿದಷ್ಟೂ ಬಿಗಿಯಾಗುತ್ತೆ. ಪೆದ್ದು ನೊಣ! ಅಲ್ಲಾಡದೆ ಬಿದ್ದಿದ್ರೆ, ಏನೂ ಸಿಗ್ಲಿಲ್ಲ ಅಂದ್ಕೊಂಡು ನಾಳೆ ತಾನೇ ತೆರ್ಕೊಳ್ತಿತ್ತು,” ಎಂದು ನಕ್ಕರು.

ಆಮೇಲೆ ಎಲೆಯೊಳಗೆ ರಸ ಊರುತ್ತದಂತೆ. ನಮ್ಮ ಹೊಟ್ಟೆಯಲ್ಲಿ ಊಟ ಕರಗುವ ಹಾಗೆ ನೊಣದ ಮೆದು ಭಾಗವೆಲ್ಲ ಕರಗಿ ಗಿಡಕ್ಕೆ ಸೇರುತ್ತದೆ. ವಾರ ಕಳೆದು ಎಲೆ ಬಾಯಿ ಬಿಟ್ಟಾಗ ಉಳಿದಿರುವುದು ರೆಕ್ಕೆ ಮತ್ತು ಒಣ ಸಿಪ್ಪೆ. ಅದನ್ನು ಕುಂಚದಿಂದ ಗುಡಿಸುವ ಕೆಲಸ ನನ್ನದು. ಬರೀ ಗಿಡ ಎಂದು ಗೊತ್ತು, ಆದರೂ ಹೆದರಿಕೆ. ನನ್ನ ಪುಕ್ಕಲುತನ ಕಂಡರೆ ಇವರಿಗೆ ತಮಾಷೆ.

ನನ್ನನ್ನು ಮಾತಿನಮಲ್ಲಿ ಎಂದು ಕಾಡಿಸುತ್ತಿದ್ದೆಯಲ್ಲ, ಈಗ ನೋಡಬೇಕು ನೀನು. ಒಂದು ಮಾತಿಗೇ ನಿಲ್ಲಿಸಿಬಿಡುತ್ತೇನೆ. ಈ ಸಲ ರಜೆಗೆ ಬರಲಾಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಸುಖವಾಗಿರಲಿ.

ನಿನ್ನ ತಂಗಿ,
ಮಾತಿನಮಲ್ಲಿ

ವಿ.ಸೂ.: ಅಕ್ಕಾ, ಮೇಲಿನದನ್ನೆಲ್ಲ ಇವರು ಓದಿ ಒಪ್ಪಿದ್ದಾರೆ. ಲಕೋಟೆಗೆ ಅಂಟು ತರಲು ಒಳಗೆ ಹೋಗಿದ್ದಾರೆ, ಅಷ್ಟರಲ್ಲಿ ಹಾಳೆಯ ಬೆನ್ನಿಗೆ ಇದನ್ನು ಬರೆದು ಮಡಚುತ್ತಿದ್ದೇನೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿಲ್ಲ. ನಿನ್ನನ್ನು ನೋಡಿ ಬರುತ್ತೇನೆ ಎಂದು ಎರಡನೇ ಸಲ ಕೇಳಿದ್ದೆ. ಬೆರಳು ಬಾತಿಲ್ಲ, ಮುರಿದಿವೆ. ಇವರು ಕೆಲಸಕ್ಕೆ ಹೋದರೆ ಹೊರಗಿನಿಂದ ಬೀಗ. ಭಾವನನ್ನು ಕರೆದುಕೊಂಡು ಹಗಲಲ್ಲೇ ಬಾ, ಬೀಗ ಒಡೆಯಲು ಏನಾದರೂ ತಾ. ನಾನು ಕ್ಷೇಮ ಎಂದು ಚೆಂದದ ಅಕ್ಷರದಲ್ಲಿ ಪತ್ರ ಬಂದರೆ ಅದು ನನ್ನ ಕೈಯದಲ್ಲ, ನಂಬಬೇಡ. ನೀನು ಬರುವ ತನಕ ಅಲ್ಲಾಡದೆ ಬಿದ್ದಿರುತ್ತೇನೆ.