ಒಂದೇ ತೊಟ್ಟಿಯ ಕೆಸರು

ಆಗಸ್ಟ್ 19
ಮತ್ತೆ ತೊಟ್ಟಿ, ಮತ್ತೆ ಸೌಟು. ಪೋತ್ನಾಳದಲ್ಲಿ ದನ ನೀರು ಕುಡಿಯುವ ತೊಟ್ಟಿ. ಮೇಲೆ ಪಾಚಿ, ತಳದಲ್ಲಿ ಸೆಗಣಿ, ನಡುವೆ ನುಲಿಯುವ ಸೊಳ್ಳೆಮರಿಗಳು. ಮೂಗಿಗೆ ಸೆರಗು ಕಟ್ಟಿದರೂ ನಾತ ನಾಲಗೆಗೇ ಬರುತ್ತದೆ. ಥೂ.

ಇಲ್ಲಿ ಹತ್ತು ಟ್ಯೂಬ್ ಮರಿ ತುಂಬಬೇಕು. ಚೀಕಲಪರ್ವಿ ಹೊಳೆದಂಡೆಯ ಜಾಲಿ ಕಾಡಲ್ಲಿ ಹತ್ತು. ದೇವದುರ್ಗದ ಗುಡ್ಡದ ಕುರುಚಲು ಕಾಡಲ್ಲಿ ಹತ್ತು. ನಡುವೆ ಬರೀ ಗದ್ದೆ, ಕಾಲುವೆ, ರಸ್ತೆ. ಹೀಗೆ ತುಂಡಾದ ಕಾಡುಗಳ ಸೊಳ್ಳೆಗಳು ಇನ್ನೂ ಒಂದೇ ಬಳಗವೋ, ಮನೆ ಮುರಿದು ಬೇರೆಯಾಗಿವೆಯೋ... ಡಿಎನ್ಎ ನೋಡಿ ಹೇಳುವುದು ನಮ್ಮ ಪ್ರಾಜೆಕ್ಟ್.

ಸೂಪರ್‌ವೈಸರ್ ಪ್ರಭುರಾಜ. ಹೊಟ್ಟೆ ಮುಂದೆ, ಕೆಲಸ ಹಿಂದೆ. ತೊಟ್ಟಿಯ ಪಕ್ಕದಲ್ಲೇ ಗುಟ್ಕಾ ಉಗುಳಿದ.

"ಸೂಗಮ್ಮಕ್ಕಾ, ಮೂವತ್ತೂ ಇಲ್ಲೇ ತುಂಬಿಬಿಡ್ರಿ. ಆ ಗುಡ್ಡ ಹತ್ತಿ ಯಾರು ಸಾಯ್ತಾರ? ಸೊಳ್ಳಿ ಮಾರಿ ಮ್ಯಾಲ ಊರ ಹೆಸರು ಬರದಿರ್ತದೇನು?"

"ಟ್ಯೂಬಿನ ಮ್ಯಾಲ ಬರೀಬೇಕಲ್ರೀ."

"ಅದಕ್ಕ ನೀವು ಅದೀರಲ್ಲ. ನಿಮ್ಮ ಅಕ್ಷರ ಮುತ್ತು."

ಮೊಣಕಾಲು ನೋಯುತ್ತಿತ್ತು. ಮೂವತ್ತೂ ಇಲ್ಲೇ ತುಂಬಿದೆ. ಬರೆದೆ, ದುಂಡಗೆ. ಮೂರು ಊರಿನ ಹೆಸರು, ಒಂದೇ ತೊಟ್ಟಿಯ ಕೆಸರು. ಪ್ರಾಸ ಕೂಡಿತು, ಬಾಯಿಬಿಟ್ಟು ಅಂದೆ, ಪ್ರಭುರಾಜ ನಕ್ಕ. ಮಾನ ಹೋಯಿತು.

ಸೆಪ್ಟೆಂಬರ್ 30
ರಾಯಚೂರು ಆಫೀಸು. ಮೊದಲ ರಿಪೋರ್ಟ್ ಬಂತು. ಪ್ರಾಜೆಕ್ಟಿನ ಹಿರಿಯರು ಪ್ರಿಯದರ್ಶಿನಿ ಮೇಡಂ ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸಿದರು. ಮೂರೂ ಕಡೆಯವು ಒಂದೇ ಬಳಗ! ಪೋತ್ನಾಳದ ಸೊಳ್ಳೆ ಈಗಿನ ಔಷಧಿಗೆ ಸಾಯುತ್ತದೆ, ಅಂದಮೇಲೆ ಗುಡ್ಡದ್ದೂ ಸಾಯಬೇಕು. ಗುಡ್ಡದ ಕೆಳಗಿನ ಕುರಿಗಾರರ ದೊಡ್ಡಿಯ ಮನೆಗಳಿಗೂ ಅದನ್ನೇ ಹೊಡೆಯಲು ಬರೆಯುತ್ತಾರಂತೆ.

ಪ್ರಭುರಾಜ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ. ಆಮೇಲೆ ಕೈ ತೊಳೆದೆ. ಮತ್ತೆ ತೊಳೆದೆ.

ಅಕ್ಟೋಬರ್ 13
ದೇವದುರ್ಗ. ಜ್ವರ ಬಂದ ಮನೆಗಳ ಪಟ್ಟಿ ಮಾಡಲು ಕಳಿಸಿದರು. ದೊಡ್ಡಿಯಲ್ಲಿ ಔಷಧಿ ಹೊಡೆದು ಹತ್ತು ದಿನ. ಕುರಿಗಾರರ ಮುದುಕಿ ಬಾಲಮ್ಮನ ಮನೆಯ ಗೋಡೆಯ ಮೇಲೆ ಅದರ ಬಿಳಿ ಕಲೆ. ಕಲೆಯ ಮೇಲೆಯೇ ಸೊಳ್ಳೆ ಕುಳಿತಿತ್ತು, ಹೊಟ್ಟೆ ಕೆಂಪಗೆ ಉಬ್ಬಿಸಿಕೊಂಡು. ಬಾಲಮ್ಮನ ಸೊಸೆ ರಾಧಾ, ಏಳು ತಿಂಗಳ ಬಸುರಿ, ಕೌದಿಯೊಳಗೆ ನಡುಗುತ್ತಿದ್ದಳು.

"ನಿಮ್ಮ ಎಣ್ಣಿ ಕುಡದು ಸೊಳ್ಳಿ ದಪ್ಪ ಆಗ್ಯಾವ ನೋಡು ತಂಗೀ," ಅಂದಳು ಬಾಲಮ್ಮ. "ಬ್ಯಾರೆ ಎಣ್ಣಿ ಇಲ್ಲೇನು?"

"ಅದ."

"ಮತ್ಯಾಕ ತರವಲ್ರಿ?"

ಉತ್ತರ ನನ್ನಲ್ಲೇ ಇತ್ತು. ಪಟ್ಟಿಯಲ್ಲಿ ರಾಧಾಳ ಹೆಸರು ಬರೆದೆ. ಬಾಲಮ್ಮ ಮಜ್ಜಿಗೆ ಕೊಟ್ಟಳು. ಕುಡಿದೆ... ತೊಟ್ಟಿಯ ನಾತ.

ಸಂಜೆ 5, ಬಸ್ ಸ್ಟ್ಯಾಂಡು
ಪ್ರಭುರಾಜನಿಗೆ ಫೋನ್. ಖರೇ ಹೇಳಿಬಿಡೋಣ ಎಂದೆ.

"ಹುಚ್ಚು ಹಿಡದದೇನ್ರೀ? ಇಬ್ಬರ ಕಾಂಟ್ರಾಕ್ಟೂ ಹೋಗ್ತದ. ಮತ್ತ ಅಕ್ಷರ ಯಾರದು? ನಂದಲ್ಲ."

ಅವನ ಮೇಲೆ ಹೇಸಿಗೆ. ಹೇಳಿದ್ದು ನಿಜ — ಅದು ಇನ್ನೂ ಹೇಸಿಗೆ.

ಅಕ್ಟೋಬರ್ 16, ಬೆಳಿಗ್ಗೆ 11
ಮೇಡಂ ಇಬ್ಬರನ್ನೂ ಕರೆದರು. ಲ್ಯಾಬಿನವರು ಇನ್ನೊಮ್ಮೆ ನೋಡಿದ್ದಾರೆ. ಮೂರು ಊರಿನ ಟ್ಯೂಬುಗಳಲ್ಲಿ ಒಡಹುಟ್ಟಿದವು ಸಿಕ್ಕಿವೆ. ಒಂದೇ ತಾಯಿ, ಒಂದೇ ಸಲ ಇಟ್ಟ ತತ್ತಿ.

"ಅಕ್ಕ ಪೋತ್ನಾಳದಲ್ಲಿ, ತಂಗಿ ದೇವದುರ್ಗದಲ್ಲಿ. ಬಸ್ ಹತ್ತಿ ಹೋದವೇ?"

"ಗಾಳಿಗೆ ಹಾರಿರಬೇಕ್ರಿ ಮೇಡಂ," ಅಂದ ಪ್ರಭುರಾಜ.

"ಮರಿಗೆ ರೆಕ್ಕೆ ಇರೋದಿಲ್ಲ, ಪ್ರಭುರಾಜ್."

ಅವನು ನನ್ನ ಕಡೆ ಕೈ ತೋರಿಸಿದ. "ಲೇಬಲ್ ಅಕ್ಕಾವ್ರು ಬರದದ್ದು. ನಾಕೈದು ಅದಲಿ ಬದಲಿ ಆಗಿರಬೇಕ್ರಿ. ವಯಸ್ಸು ನೋಡ್ರಿ."

ನನಗಿಂತ ಎರಡು ವರ್ಷ ದೊಡ್ಡವನು.

"ಸೂಗಮ್ಮ, ಏನಾಯ್ತು ಅಂತ ಊಟದ ಹೊತ್ತಿನೊಳಗೆ ಬರೆದುಕೊಡಿ," ಎಂದರು ಮೇಡಂ.

11.40
ಈ ಡೈರಿಯಲ್ಲೇ ಕಚ್ಚಾ ಬರೆದು ನೋಡುತ್ತಿದ್ದೇನೆ. ಅದಲುಬದಲು ಎಂದರೆ ನಾಲ್ಕು ಟ್ಯೂಬ್ ಎಸೆಯುತ್ತಾರೆ. ಔಷಧಿ ಅದೇ ಇರುತ್ತದೆ. ನಾನೂ ಇರುತ್ತೇನೆ. ರಾಧಾ...

ಬಾಗಿಲಲ್ಲಿ ಪ್ರಭುರಾಜ. "ಅಕ್ಕಾ, ಪ್ರಾಸ ಗೀಸ ಹಚ್ಚಬ್ಯಾಡ್ರಿ ಮತ್ತ. ಒಂದ ಸಾಲು ಸಾಕು."

ಇವತ್ತು ಪ್ರಾಸ ಇಲ್ಲ. ಸಾಲು ಮಾತ್ರ ಒಂದಕ್ಕೆ ಮುಗಿಯುವುದಿಲ್ಲ.

"ಮೂವತ್ತೂ ಟ್ಯೂಬ್ ಪೋತ್ನಾಳದ ಒಂದೇ ತೊಟ್ಟಿಯವು. ತುಂಬಿದವಳು ನಾನು. ಸುಳ್ಳು ಊರು ಬರೆದವಳೂ ನಾನು. ಗುಡ್ಡಕ್ಕೆ ನಾವು ಹೋಗಿಯೇ ಇಲ್ಲ. ಹೀಗಾಗಿ ಬಾಲಮ್ಮನ ದೊಡ್ಡಿಗೆ ಹೊಡೆದ ಔಷಧಿ ಅಲ್ಲಿನ ಸೊಳ್ಳೆಗೆ ತಾಗುತ್ತಿಲ್ಲ, ಬೇರೆಯದು ಬೇಗ ಕಳಿಸಿ."